ಮೂರನೇ ಲಿಸ್ಟ್

ಟಿ. ನರಸೀಪುರ
ಶ್ರಾವಣದ ಮೊದಲ ಗುರುವಾರ, ೧೯೯೭

ಪ್ರೀತಿಯ ನಂಜುಂಡೇಶ ಮಾವನಿಗೆ,

ಈ ಪತ್ರವನ್ನು ಮನೆಯ ವಿಳಾಸಕ್ಕೆ ಹಾಕದೆ ಹುಲ್ಲಹಳ್ಳಿ ಡೈರಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಮನೆಗೆ ಬಂದ ಯಾವ ಕಾಗದವನ್ನೂ ಅಜ್ಜಿ ಸುಮ್ಮನೆ ಬಿಡುವವಳಲ್ಲ. ಕರೆಂಟ್ ಬಿಲ್ಲಾದರೂ ಸರಿ, ಯಾರನ್ನಾದರೂ ಹಿಡಿದು ಕೂರಿಸಿ ಗಟ್ಟಿಯಾಗಿ ಓದಿಸಿಯೇ ತೀರುತ್ತಾಳೆ. ಇದು ಅಜ್ಜಿ ಕೇಳುವ ಕಾಗದವಲ್ಲ. ಭಾನುವಾರ ಅಮ್ಮ ನಿಮ್ಮಲ್ಲಿಗೆ ಬರುವ ಮೊದಲು ನೀನೊಬ್ಬನೇ ಇದನ್ನು ಓದಿರಬೇಕು.

ಅಪ್ಪನ ಗೊಬ್ಬರದ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅಪ್ಪ ಊಟಕ್ಕೆ ಹೋಗಿದ್ದಾರೆ. ಕೂತು ಎಂದು ಬರೆದೆನೇ ಹೊರತು ಕೂತಿರಲು ಆಗುತ್ತಿಲ್ಲ. ಒಂದು ಸಾಲು ಬರೆಯುವುದು, ಎದ್ದು ಬಾಗಿಲ ತನಕ ಹೋಗಿ ರಸ್ತೆ ನೋಡುವುದು, ಮತ್ತೆ ಬರುವುದು. ಈಗ ತಾನೇ ಯೂರಿಯಾ ಕೇಳಿಕೊಂಡು ಬಂದವರೊಬ್ಬರಿಗೆ ‘ಇಲ್ಲ’ ಎಂದುಬಿಟ್ಟೆ. ಅವರು ಹೋದ ಮೇಲೆ ತಿರುಗಿ ನೋಡಿದರೆ ಮೂಟೆಗಳು ನನ್ನ ಬೆನ್ನ ಹಿಂದೆಯೇ ಇವೆ. ಅಪ್ಪನಿಗೆ ಗೊತ್ತಾದರೆ ಬೈಗುಳ ಗ್ಯಾರಂಟಿ.

ಎರಡು ವರ್ಷದಿಂದ ನಿನ್ನನ್ನು ‘ನೀವು’ ಎನ್ನಬೇಕೆಂದು ಅಮ್ಮ ತಾಕೀತು ಮಾಡಿದ್ದಾಳೆ. ಕಟ್ಟಿಕೊಳ್ಳುವವನನ್ನು ಏಕವಚನದಲ್ಲಿ ಕರೆದರೆ ನೋಡಿದವರು ಏನಂದುಕೊಂಡಾರು ಎಂದು ಅವಳ ಚಿಂತೆ. ನಾನೂ ಪ್ರಯತ್ನಪಟ್ಟೆ. ‘ಮಾವ, ನೀವು ಕಾಫಿ ಕುಡೀತೀರಾ’ ಎಂದು ಕೇಳಿದ ದಿನ ನಿನಗೆ ಕುಡಿಯುವ ಮೊದಲೇ ಕೆಮ್ಮು ಬಂತು, ನೆನಪಿದೆಯಾ? ಆಮೇಲಿಂದ ನಿನ್ನ ಜೊತೆ ‘ಕಾಫಿ ಬೇಕಾ’, ‘ಊಟ ಆಯ್ತಾ’ ಎಂದು ಮುಗಿಸಿಬಿಡುತ್ತಿದ್ದೆ. ಈ ಪತ್ರದಲ್ಲಿ ಹಳೆಯ ಹಾಗೆ ನೀನು ಎಂದೇ ಬರೆಯುತ್ತೇನೆ. ನಾಲೆ ಏರಿಯ ಮೇಲೆ ನನ್ನ ಸೈಕಲ್ಲಿನ ಸೀಟು ಹಿಡಿದುಕೊಂಡು ಏದುಸಿರು ಬಿಡುತ್ತಾ ಓಡಿಬರುತ್ತಿದ್ದವನಿಗೆ ಬಹುವಚನ ಹಚ್ಚಲು ನನ್ನಿಂದಾಗದು.

ನಾನು ಹುಟ್ಟಿದಾಗ ಅಜ್ಜಿ ನಿನ್ನನ್ನು ಎಳೆದುಕೊಂಡು ಬಂದು ತೊಟ್ಟಿಲ ಹತ್ತಿರ ನಿಲ್ಲಿಸಿ, ‘ನೋಡ್ಲಾ, ನಿನ್ನ ಎಣ್ಣು’ ಅಂದಳಂತೆ. ನಿನಗೆ ಆಗ ಹತ್ತು ವರ್ಷ. ನೀನು ಒಮ್ಮೆ ಬಗ್ಗಿ ನೋಡಿ, ಮೂಗು ಒರೆಸಿಕೊಂಡು, ಗೋಲಿ ಆಡಲು ಓಡಿಹೋದೆಯಂತೆ. ಮನೆಯಲ್ಲಿ ನಾಲ್ಕು ಜನ ಸೇರಿದಾಗಲೆಲ್ಲ ಈ ಕಥೆ ಬರುತ್ತಿತ್ತು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅಕ್ಕನ ಮಗಳನ್ನು ತಮ್ಮ ಕಟ್ಟಿಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ಆದರೆ ನಾನು ಎರಡನೇ ಪಿಯುಸಿ ಪರೀಕ್ಷೆ ಬರೆದು ಬರುವ ಹೊತ್ತಿಗೆ ಆ ಕಥೆಗೆ ಯಾರೂ ನಗುತ್ತಿರಲಿಲ್ಲ. ಅಜ್ಜಿ ಸೀರೆಯ ಬಣ್ಣ ಕೇಳುತ್ತಿದ್ದಳು.

ನಿನ್ನ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ ಮಾವ. ನಮ್ಮ ಇಡೀ ಬಳಗದಲ್ಲಿ ನನಗೆ ಯಾರು ಇಷ್ಟ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ನಿನ್ನ ಹೆಸರು ಹೇಳುತ್ತೇನೆ. ಆದರೆ ಆ ಪ್ರೀತಿಯನ್ನು ಎಳೆದು ಎಳೆದು ಗಂಡ ಎನ್ನುವ ತನಕ ತರಲು ಹೋದರೆ ಮೊದಲು ನಗು ಬರುತ್ತದೆ, ಆಮೇಲೆ ಭಯವಾಗುತ್ತದೆ. ನನಗೆ ಬಿ.ಎಸ್ಸಿ. ಓದಬೇಕು. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮೈಲುತುತ್ತದ ನೀರು ದಿನ ಕಳೆದ ಹಾಗೆ ನೀಲಿ ಹರಳಾಗಿ ಕೂತದ್ದನ್ನು ನೋಡಿದೆನಲ್ಲ, ಆವತ್ತಿನಿಂದ ನನಗೆ ಬೇರೆ ಯಾವುದೂ ಬೇಡವಾಗಿದೆ. ಇದನ್ನು ಅಜ್ಜಿಗೆ ಹೇಳಿದರೆ, ಮೈಲುತುತ್ತ ನಮ್ಮ ತೋಟಕ್ಕೂ ಹೊಡೀತಾರೆ, ಅಲ್ಲೇ ನೋಡು ಅಂದಳು.

ರಿಸಲ್ಟ್ ಬಂದಾಗ ಎಪ್ಪತ್ತೆಂಟೂವರೆ ಪರ್ಸೆಂಟ್. ನರಸೀಪುರಕ್ಕೆ ಅದು ದೊಡ್ಡದು, ಮೈಸೂರಿಗೆ ಅಂಥ ದೊಡ್ಡದಲ್ಲ. ನಮ್ಮೂರಿನಲ್ಲಿ ಬಿ.ಎಸ್ಸಿ. ಇಲ್ಲ. ಪ್ರಾಕ್ಟಿಕಲ್ ಮುಗಿಸಿ ಕತ್ತಲಾದ ಮೇಲೆ ಬಸ್ಸಿನಲ್ಲಿ ನೇತಾಡಿಕೊಂಡು ಬರುವುದು ಬೇಡ, ಹಾಸ್ಟೆಲ್ ಇರುವ ಕಾಲೇಜೇ ಆಗಬೇಕು ಎಂದು ಅಪ್ಪ ಷರತ್ತು ಹಾಕಿದರು. ಅಜ್ಜಿಯ ಷರತ್ತು ಅದಕ್ಕಿಂತ ಸರಳ. ‘ಆಸಾಡದಲ್ಲಿ ಎಂಗೂ ಏನೂ ಮಾಡಂಗಿಲ್ಲ. ಅಷ್ಟರಲ್ಲಿ ಸೀಟು ಸಿಕ್ಕುದ್ರೆ ಓದ್ಕಳ್ಳಿ, ನಾ ಬಾಯಿ ಬುಡಲ್ಲ. ಸಿಗ್ನಿಲ್ವಾ, ಸ್ರಾವಣದ ಸೋಮಾರ ಎಲೆ ಅಡಿಕೆ ಸಾಸ್ತ್ರ.’ ಅಮ್ಮ ಒಪ್ಪಿದಳು. ಅಪ್ಪ ಎಂದಿನ ಹಾಗೆ ಒಪ್ಪಿದರೋ ಬಿಟ್ಟರೋ ಗೊತ್ತಾಗದ ಹಾಗೆ ತಲೆ ಆಡಿಸಿದರು. ಆಷಾಢ ಮುಗಿಯುವುದರೊಳಗೆ ಮೈಸೂರಿನ ಯಾವುದಾದರೂ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು ಬರಬೇಕು, ಇಲ್ಲದಿದ್ದರೆ ನಾನು ಹುಲ್ಲಹಳ್ಳಿಯವಳು. ಇಷ್ಟೇ ಲೆಕ್ಕ.

ಯಾವ ಕಾಲೇಜಿನಲ್ಲಿ ಸಿಗಬಹುದು, ಯಾವುದರಲ್ಲಿ ಸಿಗದು ಎಂದು ನೋಡಿ ಬರುವ ಕೆಲಸ ನಿನ್ನ ಪಾಲಿಗೆ ಬಂತು. ನಮ್ಮ ಮನೆಯವರ ಜಾಣತನ ನೋಡು. ಸೀಟು ಸಿಗದಿದ್ದರೆ ಹುಡುಗಿ ಯಾರ ಪಾಲಿಗೆ ಬೀಳುತ್ತಾಳೋ, ಸೀಟು ಸಿಗುತ್ತದೋ ಇಲ್ಲವೋ ಅಳೆದು ಹೇಳುವ ಕೆಲಸವನ್ನೂ ಅವನಿಗೇ ಒಪ್ಪಿಸಿದರು. ಇದರಲ್ಲೇನೋ ಎಡವಟ್ಟಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯದಿರಲು ಕಾರಣವೂ ನೀನೇ. ನೀನು ಡೈರಿ ಸೆಕ್ರೆಟರಿ. ಹಾಲಿಗೆ ನೀರು ಬಿದ್ದಿದೆಯಾ ಎಂದು ನೋಡುವ ಆ ಗಾಜಿನ ಕೊಳವೆ ಬಿಟ್ಟು ನೋಡಿ, ‘ಡಿಗ್ರಿ ಬರಲಿಲ್ಲ’ ಎಂದು ನೀನು ಹೇಳಿದರೆ ಹುಲ್ಲಹಳ್ಳಿಯಲ್ಲಿ ಎದುರು ಮಾತಾಡುವವರಿಲ್ಲ. ಸ್ವಂತ ಅವ್ವ ತಂದ ಹಾಲನ್ನೇ ಒಂದು ಬೆಳಿಗ್ಗೆ ಎಲ್ಲರ ಎದುರು ವಾಪಸ್ ಕಳಿಸಿದವನು ನೀನು. ಅಜ್ಜಿ ಆ ಇಡೀ ವಾರ ನಿನಗೆ ಬರೀ ಮಜ್ಜಿಗೆ ಬಡಿಸಿದಳು. ಆದರೆ ಊರಲ್ಲೆಲ್ಲ ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವಳೂ ಅವಳೇ.

ಅರ್ಜಿ ಹಾಕುವ ಮೊದಲು ಒಂದು ಸೋಮವಾರ ನಂಜನಗೂಡಿನಲ್ಲಿ ದೇವಸ್ಥಾನ ಮುಗಿಸಿಕೊಂಡು ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಕೂತಿದ್ದೆವು. ಅಮ್ಮ ದೋಸೆಯ ಕಡೆ ನೋಡುತ್ತಿದ್ದಳು, ನಾನು ನಿನ್ನ ಬಾಯಿಯ ಕಡೆ. ಐದು ಕಾಲೇಜು ಸುತ್ತಿ ಬಂದಿದ್ದೆ ನೀನು. ಕೆಲಸದ ಮೇಲೆ ಮೈಸೂರಿಗೆ ಹೋದಾಗಲೆಲ್ಲ ಒಂದೊಂದು ಕಡೆ ನುಗ್ಗಿ, ಹೋದ ವರ್ಷ ಲಿಸ್ಟು ಎಷ್ಟಕ್ಕೆ ನಿಂತಿತ್ತು ಎಂದು ಅಲ್ಲಿನವರನ್ನು ಮಾತಾಡಿಸಿ ತಿಳಿದುಕೊಂಡಿದ್ದೆ. ಜಾತಿವಾರು ಬೇರೆ ಬೇರೆ ಹಾಳೆ ಅಂಟಿಸುತ್ತಾರೆ, ನಮ್ಮದು ತ್ರಿ-ಬಿ ಹಾಳೆ, ಅದನ್ನಷ್ಟೇ ನೋಡಬೇಕು ಎಂದೆ. ಮೇಲಿರುವ ಹೆಸರು ನೋಡಿ ಹೆದರಬಾರದು, ಕೊನೆಯ ಹೆಸರು ನೋಡಬೇಕು ಎಂದೆ. ಅರಮನೆಯ ಹತ್ತಿರದ್ದು ಆಗುವುದಿಲ್ಲ, ಸರಸ್ವತಿಪುರಂನದ್ದೂ ಆಗುವುದಿಲ್ಲ, ಆದರೂ ಅರ್ಜಿ ಹಾಕೋಣ. ಇನ್ನೆರಡು ಕಷ್ಟ. ರೈಲ್ವೆ ಸ್ಟೇಷನ್ನಿನ ಹತ್ತಿರದ ಹೆಣ್ಣುಮಕ್ಕಳ ಕಾಲೇಜೊಂದೇ ಕೈಗೆ ಎಟುಕುವಂಥದ್ದು, ಅದೂ ಮೊದಲ ಲಿಸ್ಟಿನಲ್ಲಿ ಅಲ್ಲ, ಎರಡನೆಯದರಲ್ಲಿ. ಯಾಕೆ ಎಂದು ಕೇಳಿದೆ. ಆಗ ನೀನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

‘ಮೊದ್ಲ ಲಿಸ್ಟಲ್ಲಿರೋರೆಲ್ಲ ಅಲ್ಲಿ ಓದಕ್ಕೆ ಬಂದೋರಲ್ಲ ಕಣಮ್ಮಿ. ಒಬ್ಬಳೇ ಐದು ಕಡೆ ಇರ್ತಾಳೆ, ಕೂರೋದು ಒಂದು ಕಡೆ. ಸಿಇಟಿ ಕೌನ್ಸೆಲಿಂಗ್ ಮುಗೀತಿದ್ದಂಗೆ ಬೇಕಾದಷ್ಟು ಜನ ಇಂಜಿನಿಯರಿಂಗ್‌ಗೆ ಓಡೋಯ್ತಾರೆ. ಎರಡನೇ ಲಿಸ್ಟು ಮೂರೋ ನಾಕೋ ಇಳೀಲೇಬೇಕು. ಅದು ಇಳೀಲಿಲ್ಲ ಅಂತ ಯಾರಾದ್ರೂ ಯೋಳುದ್ರೆ ನಂಬಬೇಡ.’

ಆವತ್ತು ನೀನು ನಿಜವಾಗಿ ನನ್ನ ಕಡೆ ಇದ್ದೆ. ಇದರಲ್ಲಿ ನನಗೆ ಒಂದಿಷ್ಟೂ ಅನುಮಾನವಿಲ್ಲ. ದೋಸೆ ಆರಿ ಚರ್ಮದ ಹಾಗಾದರೂ ನೀನು ಬಿಡಿಸಿ ಬಿಡಿಸಿ ಹೇಳುತ್ತಲೇ ಇದ್ದೆ. ನನಗೆ ಸೀಟು ಸಿಕ್ಕರೆ ನಿನಗೆ ಏನಾಗುತ್ತದೆ ಎನ್ನುವುದು ಆ ಹೊತ್ತಿಗೆ ನಿನಗೇ ಮರೆತುಹೋಗಿತ್ತು ಎಂದು ನನಗನ್ನಿಸುತ್ತದೆ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಊಟಕ್ಕೆ ಕೂತರೆ ಎಪ್ಪತ್ತೆಂಟೂವರೆ, ಬಟ್ಟೆ ಒಗೆಯಲು ಹೊಳೆಗೆ ಹೋದರೆ ಎಪ್ಪತ್ತೆಂಟೂವರೆ. ಅಂಗಡಿಗೆ ಬಂದವರು ಮಗಳಿಗೆ ಎಷ್ಟು ಬಂತು ಎಂದು ಕೇಳಿದರೆ ಅಪ್ಪ ಎಂಬತ್ತು ಎನ್ನುತ್ತಿದ್ದರು. ಆ ಒಂದೂವರೆಯನ್ನು ಅಪ್ಪ ಕಾಲೇಜಿನವರಿಗೂ ಹೇಳಿ ಒಪ್ಪಿಸಿಬಿಡಬಾರದೇ ಎಂದು ನನಗೆ ಅಳು ಬರುತ್ತಿತ್ತು. ಅಮ್ಮ ತಡೆಯಲಾರದೆ ನಿಮ್ಮೂರ ಬಸವೇಶ್ವರನ ಗುಡಿಯಲ್ಲಿ ಹೂವಿನ ಪ್ರಸಾದ ಕೇಳಲು ಹೋದಳು. ಸೀಟು ಸಿಗುವುದಾದರೆ ಬಲಗಡೆ ಕೊಡಪ್ಪ ಎಂದಳು. ಬಲಗಡೆಯೇ ಹೂ ಬಿತ್ತು. ಹಿಗ್ಗಿನಿಂದ ಮನೆಗೆ ಬಂದರೆ ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಶ್ರಾವಣದಲ್ಲಿ ಶಾಸ್ತ್ರ ಆಗುವುದಾದರೆ ಬಲಗಡೆ ಕೊಡು ಎಂದು ಅವಳು ಅದೇ ಬೆಳಿಗ್ಗೆ ಕೇಳಿ, ಅವಳಿಗೂ ಬಲಗಡೆಯೇ ಕೊಟ್ಟಾಗಿತ್ತು. ತಾಯಿ ಮಗಳು ಎರಡು ದಿನ ಮಾತು ಬಿಟ್ಟರು. ಅಜ್ಜಿ ಕೇಳಿದ್ದಕ್ಕೆ ಇಲ್ಲವೆನ್ನುವ ಧೈರ್ಯ ಆ ದೇವರಿಗೂ ಇಲ್ಲ ಎಂದು ನಾನು ತಮಾಷೆ ಮಾಡಿದೆ.

ಮೊದಲ ಲಿಸ್ಟುಗಳು ಬಂದವು. ಒಂದೊಂದಾಗಿ ನೀನೇ ನೋಡಿಕೊಂಡು ಬಂದೆ, ಒಂದೊಂದಾಗಿ ಇಲ್ಲ ಎಂದೆ. ಅರಮನೆಯ ಹತ್ತಿರದ್ದು ಎಂಬತ್ತೊಂಬತ್ತಕ್ಕೆ ನಿಂತಿತ್ತು. ಸ್ಟೇಷನ್ನಿನ ಹತ್ತಿರದ್ದು ನೀನು ಅಂದಾಜು ಮಾಡಿದ ಹಾಗೆಯೇ ಎಂಬತ್ತೊಂದಕ್ಕೆ. ಎರಡನೆಯದರಲ್ಲಿ ಬರುತ್ತದೆ ಬಿಡು ಎಂದೆ ನೀನು. ಆದರೆ ಆ ಐದನೇ ಸಲದ ಇಲ್ಲ ಹೇಳುವಾಗ ನಿನ್ನ ಮುಖವನ್ನು ನಾನು ಸರಿಯಾಗಿ ನೋಡಿದೆ. ಬೇಸರ ಇತ್ತು, ಅದು ನಟನೆಯಲ್ಲ. ಬೇಸರದ ಜೊತೆಗೆ ಇನ್ನೊಂದು ಏನೋ ಇತ್ತು. ನಿನಗೂ ಅದು ಅದೇ ಹೊತ್ತಿಗೆ ಗೊತ್ತಾಯಿತೇನೋ, ಟವೆಲಿನಿಂದ ಮುಖ ಒರೆಸಿಕೊಂಡೆ.

ಅದೇ ವಾರ ನಿಮ್ಮ ಮನೆಗೆ ಬಂದಾಗ ಹಿತ್ತಲಲ್ಲಿ ಹೊಸ ಗೋಡೆ ಏಳುತ್ತಿತ್ತು. ಕಕ್ಕಸು ಬಚ್ಚಲು ಎರಡೂ ಸೇರಿಸಿ ಕಟ್ಟಿಸುತ್ತಿದ್ದೀಯ ಎಂದು ಅಜ್ಜಿ ಹೇಳಿದಳು. ಇಷ್ಟು ವರ್ಷ ಅವಳು ಕಾಲು ನೋವು ಎಂದು ಗೋಗರೆದರೂ ಆಗದ್ದು ಈಗ ಆಗುತ್ತಿದೆ, ನರಸೀಪುರದ ಹುಡುಗಿ ಬಯಲಿಗೆ ಹೋಗಲ್ಲ ಅಂತ ನನ್ನ ಮಗನಿಗೆ ಯೋಚನೆ ಎಂದು ನಕ್ಕಳು. ನೀನು ಸಿಮೆಂಟಿಗೆ ನೀರು ಹಾಕುತ್ತಾ ಬೆನ್ನು ತಿರುಗಿಸಿಕೊಂಡು ನಿಂತಿದ್ದೆ, ಕಿವಿ ಮಾತ್ರ ಕೆಂಪಗಾಗಿತ್ತು. ನನಗೆ ಆ ಗೋಡೆ ನೋಡಿ ಓಡಿಹೋಗಬೇಕು ಎನ್ನಿಸಿತು. ನಿನ್ನನ್ನು ನೋಡಿ ಕರುಳು ಚುರ್ ಎಂದಿತು. ಎರಡೂ ಒಟ್ಟಿಗೆ ಹೇಗೆ ಆಗುತ್ತದೆ ಎಂದು ಕೇಳಬೇಡ, ಆಗುತ್ತದೆ. ನಿನಗೆ ಎಷ್ಟು ಕಡೆಯಿಂದ ಹೆಣ್ಣು ಬಂದಿತ್ತು, ‘ನನ್ನ ಮಗನಿಗೆ ಎಣ್ಣು ಮನೇಲೇ ಅದೆ’ ಎಂದು ಅಜ್ಜಿ ಎಷ್ಟು ಜನರನ್ನು ಬಾಗಿಲಿನಿಂದಲೇ ಕಳಿಸಿದಳು ಎಂಬುದೆಲ್ಲ ನನಗೆ ಗೊತ್ತು. ಡೈರಿಯಲ್ಲಿ ನಿನ್ನ ಜೊತೆಯವರು ಮಗುವಿಗೆ ಹಾಲು ಹೊಯ್ಯಿಸಿಕೊಂಡು ಹೋಗುವಾಗ ನೀನು ಮಾತ್ರ ಇನ್ನೂ ಹದಿನೆಂಟು ವರ್ಷದ ಹಿಂದಿನ ತೊಟ್ಟಿಲಿನ ಹತ್ತಿರವೇ ಕಾದುಕೊಂಡಿದ್ದೆ.

ಇನ್ನು ಆ ದಿನ. ಬರೆಯಲು ಕೈ ಬರುತ್ತಿಲ್ಲ, ಮತ್ತೊಂದು ಸಲ ಬಾಗಿಲ ತನಕ ಹೋಗಿ ಬಂದೆ.

ಆಷಾಢ ಮುಗಿಯಲು ಇನ್ನು ಸ್ವಲ್ಪವೇ ದಿನ ಇತ್ತು. ಎರಡನೇ ಲಿಸ್ಟ್ ನೋಡಲು ಮೈಸೂರಿಗೆ ಹೋದವನು ಸಂಜೆ ನೇರ ನರಸೀಪುರಕ್ಕೇ ಬಂದೆ. ನಾನು ಬಸ್ಸಿನ ಸದ್ದು ಕೇಳಿದಾಗಿನಿಂದ ಬಾಗಿಲಲ್ಲೇ ನಿಂತಿದ್ದೆ. ನೀನು ಜಗಲಿಯ ಮೇಲೆ ಕೂತು ಮೊದಲು ನೀರು ಕೇಳಿದೆ. ಚೊಂಬು ಬರಿದು ಮಾಡಿ, ಅದರ ತಳವನ್ನೇ ನೋಡುತ್ತಾ ಹೇಳಿದೆ.

‘ಒಂದೇ ಒಂದು ಇಳಿದು ನಿಂತುಬುಡ್ತು ಕಣಮ್ಮಿ. ಎಂಬತ್ತಕ್ಕೆ. ನಿಂದು ಬರ್ನಿಲ್ಲ.’

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದವಳು ಸೋಮವಾರಕ್ಕೆ ಯಾರು ಯಾರನ್ನು ಕರೆಯಬೇಕು ಎಂದು ಕೇಳಿದಳು. ಎಲೆ ಹಾಕಿದ್ದರೂ ಊಟಕ್ಕೆ ಕೂರದೆ, ಹಾಲಿನ ಹೊತ್ತಾಯಿತು ಎಂದು ನೀನು ಎದ್ದುಬಿಟ್ಟೆ. ನಾನು ಅಳಲಿಲ್ಲ. ಮುಗಿಯಿತಲ್ಲ ಎಂದು ಒಂದು ರೀತಿಯ ಸಮಾಧಾನವೂ ಆಯಿತು. ಒಂದು ತಿಂಗಳಿನಿಂದ ಎದೆಯಲ್ಲಿ ಗಿರಗಿರ ತಿರುಗುತ್ತಿದ್ದದ್ದು ನಿಂತಿತು. ಪಾತ್ರೆ ತೊಳೆದೆ, ಅಮ್ಮನ ತಲೆಗೆ ಎಣ್ಣೆ ಹಚ್ಚಿದೆ.

ಎಣ್ಣೆ ಹಚ್ಚುತ್ತಿರುವಾಗ ಲೆಕ್ಕ ಶುರುವಾಯಿತು. ನಾನಾಗಿ ಮಾಡಿದ್ದಲ್ಲ, ತಾನಾಗಿ ಶುರುವಾಯಿತು. ಎಂಬತ್ತೊಂದಕ್ಕೆ ನಿಂತಿದ್ದು ಎಂಬತ್ತಕ್ಕೆ ಬಂದು ನಿಲ್ಲುವುದು ಹೇಗೆ? ಕೌನ್ಸೆಲಿಂಗ್ ಮುಗಿದಿದೆ. ನನ್ನ ಕ್ಲಾಸಿನ ರಮ್ಯಳ ಹೆಸರು ಆ ಕಾಲೇಜಿನ ಮೊದಲ ಲಿಸ್ಟಿನಲ್ಲಿತ್ತು, ಅವಳು ಇಂಜಿನಿಯರಿಂಗ್ ಸಿಕ್ಕಿತೆಂದು ಮಾರ್ಕ್ಸ್ ಕಾರ್ಡ್ ವಾಪಸ್ ತೆಗೆದುಕೊಂಡು ಬಂದು ನಮ್ಮ ಮನೆಗೇ ಪೇಡ ಕೊಟ್ಟು ಹೋಗಿದ್ದಳು. ಅವಳಂಥವರು ಇನ್ನೆಷ್ಟು ಜನ ಎದ್ದು ಹೋಗಿರಬೇಕು. ಮೂರೋ ನಾಲ್ಕೋ ಇಳಿಯಲೇಬೇಕು, ಇಳಿಯಲಿಲ್ಲ ಎಂದರೆ ನಂಬಬೇಡ. ಇದನ್ನು ನನಗೆ ಹೇಳಿಕೊಟ್ಟವನು ಯಾರು ಮಾವ?

ಬೆಳಿಗ್ಗೆ ಕಾಲೇಜಿನ ಲೈಬ್ರರಿಗೆ ಪುಸ್ತಕ ಕೊಟ್ಟು ಬರುತ್ತೇನೆಂದು ಹೇಳಿ ಮೈಸೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಹೆತ್ತ ತಾಯಿಯ ಹಾಲಿಗೆ ಒಂದು ಡಿಗ್ರಿ ಸೇರಿಸದವನು ನಿನಗೆ ಯಾಕೆ ಸುಳ್ಳು ಹೇಳುತ್ತಾನೆ, ನಿನ್ನ ಬುದ್ಧಿಗೆ ಏನಾಗಿದೆ ಎಂದುಕೊಂಡೆ. ವರುಣದ ಸ್ಟಾಪು ಬಂದಾಗ ಇಳಿದು ವಾಪಸ್ ಬಂದುಬಿಡೋಣ ಎನ್ನಿಸಿತ್ತು.

ಬೋರ್ಡಿನ ಮುಂದೆ ಯಾರೂ ಇರಲಿಲ್ಲ. ತ್ರಿ-ಬಿ ಹಾಳೆ ಹುಡುಕಿದೆ. ನೀನು ಕಲಿಸಿದಂತೆ ಕೊನೆಯ ಹೆಸರು ಮೊದಲು ನೋಡಿದೆ. ಎಪ್ಪತ್ತೇಳಕ್ಕೆ ನಿಂತಿತ್ತು. ಅಲ್ಲಿಂದ ಮೇಲಕ್ಕೆ ಬಂದೆ. ನನ್ನ ಹೆಸರು, ಅಪ್ಪನ ಹೆಸರು, ಎಪ್ಪತ್ತೆಂಟೂವರೆ. ಮೂಲೆಯಲ್ಲೆಲ್ಲೋ ಅಲ್ಲ ಮಾವ, ಹಾಳೆಯ ನಡುಮಧ್ಯದಲ್ಲಿ.

ಸಂತೋಷ ಆಗಲಿಲ್ಲ. ನೀನು ಬೇರೆ ಹಾಳೆ ನೋಡಿರಬೇಕು, ಬಿಸಿಲಿಗೆ ಕಣ್ಣು ಮಂಜಾಗಿರಬೇಕು ಎಂದು ನಂಬಲು ಎಷ್ಟು ಕಷ್ಟಪಟ್ಟೆ ಗೊತ್ತಾ. ಅಷ್ಟರಲ್ಲಿ ಅಲ್ಲಿನ ಅಟೆಂಡರ್, ರಂಗನಾಯಕ ಎಂದು ಅವರ ಹೆಸರು, ಹತ್ತಿರ ಬಂದು ಯಾವ ಹೆಸರಮ್ಮ ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆ. ಅವರು ನಕ್ಕರು.

‘ನೆನ್ನೆ ಒಬ್ರು ಬಂದು ಇದೇ ಹೆಸರಿನ ಮೇಲೆ ಕೈ ಮಡಗ್ಕೊಂಡು ಭಾಳ ಹೊತ್ತು ನಿಂತಿದ್ರು ಕಣವ್ವ. ಫೀಜು ಕಟ್ಟಕ್ಕೆ ಕೊನೆ ದಿನ ಯಾವತ್ತು ಅಂತ ಕೇಳುದ್ರು. ನಾಳೆ ಸಂಜೆ ಗಂಟ ಅಂತ ಯೋಳ್ದೆ. ನಿಮ್ಮಣ್ಣನಾ?’

ಮಾವ ಎಂದೆ.

ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತೆ. ನಾಳೆ ಸಂಜೆ ಎಂದರೆ ಆವತ್ತೇ ಸಂಜೆ. ಕೊನೆಯ ದಿನ ಕೇಳಿಕೊಂಡು, ಅದು ಕಳೆಯಲಿ ಎಂದು ಊರಿಗೆ ಬಂದು ನೀರು ಕುಡಿದೆ ನೀನು. ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಕಾಗದ ಸುಟ್ಟುಹೋಗುತ್ತದೆ. ನೇರ ಹುಲ್ಲಹಳ್ಳಿಗೆ ಬಂದು, ಸಂಜೆ ಹಾಲು ಹಾಕುವ ಜನರೆಲ್ಲ ಸಾಲಾಗಿ ನಿಂತಿರುವಾಗ, ಅವರ ಎದುರಿನಲ್ಲೇ ಕೇಳಬೇಕು ಎನ್ನಿಸಿತು. ಆಮೇಲೆ ಆ ಅಟೆಂಡರ್ ಹೇಳಿದ್ದು ಮತ್ತೆ ಕಿವಿಗೆ ಬಂತು. ಬಹಳ ಹೊತ್ತು ನಿಂತಿದ್ದರು ಎಂದಿದ್ದರಲ್ಲ. ಅಷ್ಟು ಹೊತ್ತು ನಿಂತು ನೀನು ಏನು ಯೋಚಿಸಿದೆ ಎಂದು ನನಗೆ ಗೊತ್ತಿಲ್ಲ. ಸುಳ್ಳು ಹೇಳಬೇಕೆಂದು ಹೊರಟು ಬಂದವನು ಅಷ್ಟು ಹೊತ್ತು ನಿಲ್ಲುವುದಿಲ್ಲ, ಅಷ್ಟು ಮಾತ್ರ ಗೊತ್ತು.

ಕಾಲೇಜಿನ ಎದುರಿನ ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿ ಇದ್ದೇನೆ ಎಂದ ತಕ್ಷಣ ಅಪ್ಪನ ದನಿ ಏರಿತು. ಅವರು ಬೈಯಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಬಾಯಿಂದ ಆ ಮಾತು ಬಂತು. ‘ಅಪ್ಪಾ, ಮೂರನೇ ಲಿಸ್ಟ್ ಬಿಟ್ಟಿದ್ದಾರೆ. ನನ್ನ ಹೆಸರು ಬಂದಿದೆ.’ ಮೊದಲೇ ಯೋಚಿಸಿ ಇಟ್ಟುಕೊಂಡ ಮಾತಲ್ಲ ಅದು. ಆ ಕಡೆ ಯಾರಿಗೋ ಅಂಗಡಿ ಬಾಗಿಲು ಎಳೆಯಲು ಹೇಳಿದ್ದು ಕೇಳಿಸಿತು. ಹಾಡುಹಗಲಲ್ಲಿ ಅಪ್ಪ ಅಂಗಡಿ ಮುಚ್ಚಿದ್ದನ್ನು ನಾನು ಹುಟ್ಟಿದ ಮೇಲೆ ಕಂಡಿಲ್ಲ.

ಮಾರ್ಕ್ಸ್ ಕಾರ್ಡು, ಟಿ.ಸಿ. ಎಲ್ಲ ಗೊಬ್ಬರದ ಕಂಪನಿಯ ಚೀಲದಲ್ಲಿ ತುಂಬಿಕೊಂಡು ಬಂದರು. ಅವರು ಬರುವ ಹೊತ್ತಿಗೆ ನಾನು ಬೋರ್ಡಿಗೆ ಬೆನ್ನು ಕೊಟ್ಟು ನಿಂತಿದ್ದೆ. ಎಲ್ಲಿ ತೋರಿಸು ಎಂದರು. ಟೈಮಾಗುತ್ತದೆ, ಮೊದಲು ಫೀಸು ಎಂದು ಕೈ ಹಿಡಿದು ಎಳೆದುಕೊಂಡು ಹೋದೆ. ಹಾಳೆಯ ಮೇಲೆ ಎರಡನೇ ಲಿಸ್ಟ್ ಎಂಬ ತಲೆಬರಹ ಇಂಗ್ಲಿಷಿನಲ್ಲಿದೆ, ಅಪ್ಪನಿಗೆ ಓದಲು ಬರುವುದಿಲ್ಲ, ಆದರೂ ತಿರುಗಿ ನೋಡಲು ಬಿಡಲಿಲ್ಲ. ವಾಪಸ್ ಬರುವಾಗ ರಂಗನಾಯಕರು ಎದುರಾಗಿ, ನಿನ್ನೆ ಬಂದಿದ್ದವರು ಎಂದು ಏನೋ ಹೇಳಲು ಹೊರಟರು. ನಾನು ಅವರಿಗೆ ಕೈ ಮುಗಿದೆ. ಏನು ಅರ್ಥವಾಯಿತೋ, ಒಳ್ಳೇದಾಗ್ಲಿ ಕಣವ್ವ ಎಂದು ದಾರಿ ಬಿಟ್ಟರು.

ಅಪ್ಪನಿಗೆ ನಿಜ ಹೇಳಿದ್ದರೆ ಅವರು ಸುಮ್ಮನಿರುತ್ತಿದ್ದರೇನೋ. ಅಮ್ಮ ಇರುತ್ತಿರಲಿಲ್ಲ. ನಿನ್ನ ಹೊಸ್ತಿಲು ಮತ್ತೆ ತುಳಿಯುತ್ತಿರಲಿಲ್ಲ. ಅಜ್ಜಿ ಸತ್ತರೂ ಮಾತಾಡದ ಹಾಗೆ ಅಕ್ಕ ತಮ್ಮ ಇಬ್ಬರೂ ಮುಖ ತಿರುಗಿಸಿಕೊಳ್ಳುತ್ತಿದ್ದಿರಿ. ಮಾತು ಹುಲ್ಲಹಳ್ಳಿಗೆ ಬಂದರೆ ನಾಳೆ ನೀನು ಯಾರ ಹಾಲಿಗೆ ಡಿಗ್ರಿ ಇಲ್ಲ ಎಂದರೂ, ನಿನ್ನ ಡಿಗ್ರಿ ಎಲ್ಲಿ ಎನ್ನುತ್ತಿದ್ದರು. ಅದು ನನಗೆ ಬೇಡ. ಹಾಗೆಂದು ನಿನ್ನನ್ನು ಕ್ಷಮಿಸಿಬಿಟ್ಟಿದ್ದೇನೆ ಎಂದುಕೊಳ್ಳಬೇಡ. ಇನ್ನೂ ಆಗಿಲ್ಲ. ನಿನ್ನ ನೆನಪಾದಾಗೆಲ್ಲ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಆ ಬಚ್ಚಲಿನ ಗೋಡೆ ನೆನಪಾಗುತ್ತದೆ, ಆಮೇಲೆ ಮತ್ತೆ ಸಿಟ್ಟು ಬರುತ್ತದೆ. ನಿನಗೆ ನಾನು ಬೇಕಾಗಿದ್ದರೆ ನನ್ನನ್ನು ಕೇಳಬಹುದಿತ್ತು. ಯಾರೂ ನನ್ನನ್ನು ಕೇಳಲೇ ಇಲ್ಲ ಮಾವ, ನೀನೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ಆದರೆ ನೀನು ಕೇಳಿದ್ದೆ ಎಂದು ನನಗೆ ನೆನಪಿರುತ್ತಿತ್ತು.

ಈಗ ಕೆಲಸದ ಮಾತು. ನಿಮ್ಮ ಕಡೆ ಇನ್ನೂ ಯಾರಿಗೂ ಗೊತ್ತಿಲ್ಲ. ಇಂಥದ್ದನ್ನು ಫೋನಿನಲ್ಲಿ ಹೇಳಬಾರದು, ಸೋಮವಾರದ ಶಾಸ್ತ್ರ ಬೇಡವೆಂದು ಎದುರಿಗೆ ಕೂತೇ ಹೇಳಬೇಕು ಎಂದು ಅಮ್ಮ ಭಾನುವಾರ ಬರುತ್ತಿದ್ದಾಳೆ. ಅಜ್ಜಿ ಕೂಗಾಡುತ್ತಾಳೆ, ಕೂಗಾಡಲಿ. ಅಮ್ಮ ನಿನ್ನನ್ನು ಕೇಳುತ್ತಾಳೆ, ಮೂರನೇ ಲಿಸ್ಟ್ ಬಿಡುವುದು ನಿನಗೆ ಗೊತ್ತಿರಲಿಲ್ಲವಾ ಎಂದು. ‘ನಾನು ನೋಡಿಕೊಂಡು ಬಂದ ಮೇಲೆ ಹಾಕಿದ್ದಾರೆ’ ಎನ್ನು. ಅಷ್ಟು ಸಾಕು, ಜಾಸ್ತಿ ಬೆಳೆಸಬೇಡ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ನೀರು ಕೇಳುತ್ತೀಯ, ಚೊಂಬಿನ ತಳ ನೋಡುತ್ತೀಯ, ಊಟ ಬಿಟ್ಟು ಎದ್ದು ಹೋಗುತ್ತೀಯ. ಭಾನುವಾರ ಹಾಗೆ ಮಾಡಬೇಡ, ಅಮ್ಮನ ಎದುರು ಕೂತು ಊಟ ಮಾಡು. ಮೂರನೇ ಲಿಸ್ಟ್ ಇರಲೇ ಇಲ್ಲ ಎನ್ನುವುದು ನಿನಗೂ ನನಗೂ ಬಿಟ್ಟು ಇನ್ಯಾರಿಗೂ ಗೊತ್ತಾಗುವುದು ಬೇಡ.

ಫೀಸು ಕಟ್ಟಿದ ದಿನವೇ ಹಾಸ್ಟೆಲಿನ ಫಾರಂ ತುಂಬುವಾಗ ನನ್ನನ್ನು ನೋಡಲು ಯಾರು ಯಾರು ಬರಬಹುದು ಎಂದು ಬರೆಸಿಕೊಂಡರು. ಅಪ್ಪ ತಮ್ಮದು, ಅಮ್ಮನದು ಬರೆಸಿ ಸಾಕು ಎಂದರು. ನಾನು ಪೆನ್ನು ಇಸಿದುಕೊಂಡು ನಿನ್ನ ಹೆಸರು ಸೇರಿಸಿದೆ. ಸಂಬಂಧ ಏನು ಎಂಬ ಕಡೆ ಸೋದರಮಾವ ಎಂದು ಬರೆದಿದ್ದೇನೆ. ಈಗಲೇ ಬರಬೇಡ. ನನ್ನ ಸಿಟ್ಟು ಇಳಿಯಲಿ, ನಿನಗೊಂದು ಒಳ್ಳೆಯ ಹೆಣ್ಣು ಗೊತ್ತಾಗಲಿ. ಆಮೇಲೆ ಒಂದು ಭಾನುವಾರ ಬಾ. ಗೇಟಿನಲ್ಲಿ ಕೇಳಿದರೆ ನಾನು ಬರೆದದ್ದನ್ನೇ ಹೇಳು, ಒಳಗೆ ಬಿಡುತ್ತಾರೆ.

ದೊಡ್ಡವನಾದ ನಿನಗೆ ನಾನು ಹರಸಬಾರದು, ಆದರೂ ಹರಸುತ್ತೇನೆ. ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕನ ಮಗಳು,
ಅರ್ಪಿತ